ಕಾಲು ತೊಳೆದ ನೀರು

ಆ ಊರಿನಲ್ಲಿ ಮೂರು ಬೀದಿಗಳಿದ್ದವು, ಒಂದು ಶಾಲೆಯಿತ್ತು, ಶಾಲೆಯ ಹೊಸ್ತಿಲಲ್ಲಿ ಒಂದು ಹಿತ್ತಾಳೆ ಬೋಗುಣಿಯಿತ್ತು.

ಮಗುವಿಗೆ ಐದು ತುಂಬಿದ ವರ್ಷ, ಎಳೆಯರ ಶಾಲೆ ತೆರೆಯುವ ದಿನ, ಮಗು ತನ್ನ ಮನೆಯ ಹೊಸ್ತಿಲಿನಿಂದ ಶಾಲೆಯ ಹೊಸ್ತಿಲಿನವರೆಗೆ ಬರಿಗಾಲಲ್ಲಿ ನಡೆದು ಬರಬೇಕು. ಯಾರೂ ಎತ್ತಿಕೊಂಡು ಬರುವಂತಿಲ್ಲ. ಬಂದ ಮಗುವಿನ ಕಾಲುಗಳನ್ನು ನೀರಿನವನು ಪ್ರತಿ ಸಲ ಹೊಸ ನೀರು ಹಾಕಿ ಬೋಗುಣಿಯಲ್ಲಿ ತೊಳೆಯುತ್ತಾನೆ. ತೊಳೆದ ಮೇಲೆ ಊರವರು ಬಗ್ಗಿ ನೀರನ್ನು ನೋಡುತ್ತಾರೆ.

ನೀರು ತಿಳಿಯಾಗಿದ್ದರೆ ಮಗು ಒಳಗೆ, ಕರಿಹಲಗೆಯ ಎದುರಿಗೆ ಕೂರುತ್ತದೆ. ನೀರು ಕೆಂಪಾಗಿದ್ದರೆ ಒಳಗೇ, ಆದರೆ ಕಂಬಗಳ ಹಿಂದೆ ಕೂರುತ್ತದೆ. ನೀರು ಕಪ್ಪಾಗಿದ್ದರೆ ಹೊರಗೆ, ಕಿಟಕಿಯ ಕೆಳಗಿನ ಕಲ್ಲುಕಟ್ಟೆಯ ಮೇಲೆ ಕೂರುತ್ತದೆ. ಮೊದಲ ದಿನ ಕೂತ ಜಾಗವೇ ಕೊನೆಯ ದಿನದ ಜಾಗ. ಶಾಲೆ ಮುಗಿದ ಮೇಲೂ ಅದೇ ಜಾಗ. ತಿಳಿನೀರಿನವರು ಬರೆಯುವವರಾಗುತ್ತಾರೆ. ಕೆಂಪುನೀರಿನವರು ಬರೆದದ್ದನ್ನು ಹೊತ್ತು ತಿರುಗುವವರಾಗುತ್ತಾರೆ. ಕಪ್ಪುನೀರಿನವರು, ಬರೆದದ್ದು ಏನೆಂದು ತಿಳಿಯದೆ ಅದರಂತೆ ನಡೆಯುವವರಾಗುತ್ತಾರೆ.

ಒಂದು ಬೀದಿಗೆ ಸುಣ್ಣಗಲ್ಲಿನ ಹಾಸು. ಒಂದು ಬೀದಿಯಲ್ಲಿ ಕೆಮ್ಮಣ್ಣು. ಒಂದು ಕೇರಿಯಲ್ಲಿ ಕರಿಮಣ್ಣು. ಯಾವ ಮಗು ಎಲ್ಲಿಂದ ಬಂತು ಎನ್ನುವುದು ಕಾಲು ತೊಳೆಯದೆಯೂ ಎಲ್ಲರಿಗೂ ಗೊತ್ತಿತ್ತು. ಆದರೂ ತೊಳೆಯುತ್ತಿದ್ದರು. ತೊಳೆದರೆ ಅದು ಯಾರ ಮಾತೂ ಆಗುವುದಿಲ್ಲ.

"ನಾನು ಹೇಳಿದ್ದಲ್ಲ, ನೀರು ಹೇಳಿದ್ದು" ಎಂದು ನೀರಿನವನು ಪ್ರತಿ ಮಗುವಿಗೂ ಕೂಗುತ್ತಿದ್ದ. ಅವನ ಅಪ್ಪನೂ ಹಾಗೇ ಕೂಗಿದ್ದ. ತಾತನೂ ಹಾಗೇ ಕೂಗಿದ್ದ.

ಕರಿಮಣ್ಣಿನ ಕೇರಿಯಲ್ಲಿ ಒಬ್ಬಳಿದ್ದಳು. ಹೆಂಚಿನ ಮಣ್ಣು ತುಳಿಯುವುದು ಅವಳ ಕೆಲಸ. ಊರು ಅವಳನ್ನು ತುಳಿಯುವವಳು ಎಂದೇ ಕರೆಯುತ್ತಿತ್ತು. ಬೆಳಗ್ಗೆ ಗುಂಡಿಗೆ ಇಳಿದರೆ ಮಣ್ಣು ಬೆಣ್ಣೆಯಾಗುವವರೆಗೂ ಮೇಲೆ ಬರುತ್ತಿರಲಿಲ್ಲ. ಗಂಡ ಸತ್ತ ಮೇಲೂ ಗುಂಡಿ ಬಿಡಲಿಲ್ಲ, ಬಸುರಿಯಾಗಿದ್ದಾಗಲೂ ಬಿಟ್ಟಿರಲಿಲ್ಲ. ಯಾರ ಮನೆಯ ಮುಂದೆಯೂ ಸೆರಗೊಡ್ಡಿರಲಿಲ್ಲ.

ಅವಳೂ ಒಂದು ಕಾಲಕ್ಕೆ ಕಲ್ಲುಕಟ್ಟೆಯ ಮೇಲೆ ಕೂತವಳೇ. ಕಟ್ಟೆಯ ಮೇಲೆ ಕೂತರೆ ಕಿಟಕಿ ತಲೆಗಿಂತ ಮೇಲಿರುತ್ತದೆ. ಒಳಗಿನ ಮಾತು ಕೇಳಿಸುತ್ತದೆ, ಹಲಗೆ ಕಾಣಿಸುವುದಿಲ್ಲ. ಏಳು ವರ್ಷ ಅವಳು ಅಕ್ಷರಗಳ ಸದ್ದನ್ನು ಕೇಳಿದಳು, ಒಂದರ ಮುಖವನ್ನೂ ನೋಡಲಿಲ್ಲ. ಆಮೇಲೆ ಗುಂಡಿಗೆ ಇಳಿದಳು. ಪ್ರತಿ ಹೆಂಚಿನ ಬೆನ್ನಿಗೂ ಅದನ್ನು ಸುಡುವ ಗೂಡಿನ ಒಡೆಯನ ಹೆಸರು ಒತ್ತಿರುತ್ತದೆ. ಆ ಹೆಸರನ್ನು ಜನ ಕೂಗುವುದನ್ನು ಕೇಳಿ, ಹೆಂಚಿನ ಬೆನ್ನನ್ನು ಬೆರಳಲ್ಲಿ ಸವರಿ, ಇದು ಆ ಸದ್ದು, ಇದು ಈ ಸದ್ದು ಎಂದು ಒಂದೊಂದನ್ನೇ ಜೋಡಿಸಿಕೊಂಡಳು. ಹೆಂಚಿನಲ್ಲಿ ಸಿಗದ ಅಕ್ಷರಗಳನ್ನು ಅಂಗಡಿಯ ಬೋರ್ಡುಗಳಲ್ಲಿ ಹುಡುಕಿದಳು. ಕಿವಿಯಲ್ಲಿದ್ದದ್ದು ಕಣ್ಣಿಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಯಾರನ್ನೂ ಕೇಳಲಿಲ್ಲ. ಕೇಳುವುದು ಅವಳ ಜಾಯಮಾನವಲ್ಲ.

ಅವಳಿಗೆ ಒಬ್ಬಳೇ ಮಗಳು. ಮಗಳಿಗೆ ಐದು ತುಂಬಿತು.

"ಇವಳು ಹಲಗೆ ಎದುರಿಗೇ ಕೂರಬೇಕು" ಎಂದಳು ತುಳಿಯುವವಳು. ಹನ್ನೊಂದು ವರ್ಷ ಇವಳೂ ಕಳೆಯಬಾರದು, ಅಷ್ಟೇ. ಅದಕ್ಕಿಂತ ದೊಡ್ಡದೇನನ್ನೂ ಅವಳು ಬಯಸಿರಲಿಲ್ಲ.

ಶಾಲೆ ತೆರೆಯಲು ಹತ್ತು ದಿನವಿದ್ದಾಗ ಅವಳು ಮಗಳನ್ನು ಮಂಚದ ಮೇಲೆ ಕೂರಿಸಿದಳು. "ಕಾಲು ಕೆಳಗಿಟ್ಟೀಯ, ಜೋಕೆ" ಎಂದಳು. ದಿನಕ್ಕೆ ಮೂರು ಸಲ ಬಿಸಿನೀರಲ್ಲಿ ಕಾಲು ನೆನೆಸಿದಳು. ಅಂಟುವಾಳದ ನೊರೆ ಹಚ್ಚಿದಳು, ಹುಣಸೆಹುಳಿ ಹಚ್ಚಿದಳು, ಹೆಂಚಿನ ಚೂರು ತಗೊಂಡು ಉಜ್ಜಿದಳು. ಹಿಮ್ಮಡಿ ಉಜ್ಜಿದಳು, ಅಂಗಾಲು ಉಜ್ಜಿದಳು, ಬೆರಳ ಸಂದಿ ಉಜ್ಜಿದಳು. ಮೊದಲ ದಿನ ನೀರು ಕಪ್ಪಾಯಿತು. ಮೂರನೆಯ ದಿನ ಬೂದಿಯಾಯಿತು. ಏಳನೆಯ ದಿನ ತಿಳಿಯಾಯಿತು. ಆಮೇಲೂ ಉಜ್ಜಿದಳು.

"ಅವ್ವ, ನನ್ನ ಕಾಲು ಪಾತ್ರೇನಾ?" ಎಂದಿತು ಮಗು.

"ಹ್ಞೂಂ, ಪಾತ್ರೇನೇ. ಸುಮ್ನಿರು."

"ಪಾತ್ರೆಗೆ ಉರಿಯಲ್ಲ."

"ನಿಂಗೂ ಉರಿಯಲ್ಲ. ಇನ್ನೊಂದು ಕಾಲು ಕೊಡು."

ಪಕ್ಕದ ಮನೆಯ ಗೂಡಿನವಳು, ಹೆಂಚಿನ ಗೂಡಿಗೆ ಬೆಂಕಿಯಿಡುವವಳು, ಬಾಗಿಲಲ್ಲಿ ನಿಂತು ನೋಡಿದಳು. ಅವಳ ಮಗನಿಗೂ ಆ ವರ್ಷವೇ ಐದು.

"ಏನೇ ಇದು, ಮಗಳ ಕಾಲನ್ನ ದೇವರ ಮೂರ್ತಿ ಮಾಡಿ ಮೆರವಣಿಗೆ ಹೊರಡಿಸ್ತೀಯಾ?"

"ನಿನ್ನ ಮಗನ ಕಾಲೂ ಉಜ್ಜು. ಚೂರು ಕೊಡ್ತೀನಿ."

"ಅಯ್ಯೋ ತಾಯಿ! ಎಷ್ಟು ಉಜ್ಜಿದ್ರೂ ನಾಳೆ ಕೇರಿಗೆ ಕಾಲಿಟ್ಟ ಕೂಡ್ಲೇ ಮೊಳಕಾಲ್ವರೆಗೂ ಮಣ್ಣು. ಹಾರಿಸ್ಕೊಂಡು ಹೋಗ್ತೀಯಾ?"

"ಅದು ನಂಗಿರಲಿ" ಎಂದಳು ತುಳಿಯುವವಳು.

ಅದಕ್ಕೂ ಅವಳು ದಾರಿ ಹುಡುಕಿಟ್ಟಿದ್ದಳು. ಮಗು ಬರಿಗಾಲಲ್ಲಿ ನಡೆಯಬೇಕು ಎಂದು ನಿಯಮ ಹೇಳುತ್ತದೆ. ಯಾವುದರ ಮೇಲೆ ನಡೆಯಬೇಕು ಎಂದು ಹೇಳುವುದಿಲ್ಲ. ಗೂಡಿನಿಂದ ಎರಡು ಚಪ್ಪಟೆ ಹೆಂಚು ತಂದಳು. ತಾನೇ ತುಳಿದ ಮಣ್ಣಿನವು. ಮೂರು ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಬಟ್ಟೆ ಸುತ್ತಿಟ್ಟಳು.

ಆ ಬೆಳಗ್ಗೆ ಹೊರಡುವ ಮೊದಲು ಹೆಂಚಿನ ಬಟ್ಟೆ ಬಿಚ್ಚುತ್ತ ಮಗಳಿಗೆ ಹೇಳಿದಳು: "ನೋಡು, ದಾರೀಲಿ ಅಳಬಾರದು. ಅತ್ತರೆ ಬೀದಿಯೋರು ನಗ್ತಾರೆ."

"ಶಾಲೆ ಒಳಗೆ?"

"ಒಳಗೆ ಹೋದಮೇಲೆ ಎಷ್ಟು ಬೇಕಾದ್ರೂ ಅಳು."

ಮನೆಯ ಹೊಸ್ತಿಲಾಚೆ ಒಂದು ಹೆಂಚು ಇಟ್ಟಳು. ಮಗು ಅದರ ಮೇಲೆ ನಿಂತಿತು. ಅದರ ಮುಂದೆ ಇನ್ನೊಂದು ಇಟ್ಟಳು. ಮಗು ಅದಕ್ಕೆ ದಾಟಿತು. ಹಿಂದಿನ ಹೆಂಚು ಎತ್ತಿದಳು, ಮುಂದಕ್ಕೆ ಬಂದಳು, ಇಟ್ಟಳು. ಇಡು, ದಾಟು, ಎತ್ತು. ಇಡು, ದಾಟು, ಎತ್ತು. ತಾನು ಕರಿಮಣ್ಣಿನಲ್ಲಿ ಮೀನಖಂಡದವರೆಗೆ ಹೂತು, ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ, ಇಟ್ಟಳು, ಎತ್ತಿದಳು, ಇಟ್ಟಳು. ಕೇರಿಯ ಜನ ಬಾಗಿಲಿಗೆ ಬಂದರು. ಯಾರೋ ನಕ್ಕರು. ಯಾರೋ ನಗುವವರ ಬಾಯಿ ಮುಚ್ಚಿಸಿದರು. ಗೂಡಿನವಳು ಮಗನ ಕೈ ಹಿಡಿದು ಹಿಂದೆ ಬರುತ್ತ, "ನಿನ್ನ ಹಟಕ್ಕೆ ಬೆಂಕಿ ಹಾಕ" ಎಂದು ಬೈಯುತ್ತಲೇ ಇದ್ದಳು.

ಕೆಮ್ಮಣ್ಣಿನ ಬೀದಿ ಬಂತು. ಇಡು, ದಾಟು, ಎತ್ತು. ಅಲ್ಲಿಯವರು ತಮ್ಮ ಮಕ್ಕಳನ್ನು ನಡೆಸಿಕೊಂಡು ಸರಸರನೆ ಮುಂದೆ ಹೋದರು.

ಸುಣ್ಣಗಲ್ಲಿನ ಬೀದಿ ಬಂತು. ಚಪ್ಪಡಿಗಳು ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿದ್ದವು. ಒಂದು ಕಣ ಮಣ್ಣಿಲ್ಲ.

"ಅವ್ವ, ಇಲ್ಲಿ ಕಲ್ಲು ನುಣ್ಣಗಿದೆ. ಇಳೀಲಾ?"

ಇಳಿಯಬಹುದಿತ್ತು. ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಜಗಲಿಗಳ ಮೇಲೆ ನಿಂತವರ ಕಣ್ಣುಗಳನ್ನು ತುಳಿಯುವವಳು ನೋಡಿದಳು. ಈ ಬೀದಿಯ ಕಲ್ಲಿನ ಹಂಗು ತನ್ನ ಮಗಳ ಕಾಲಿಗೆ ಬೇಡ ಎನ್ನಿಸಿತು.

"ಬೇಡ. ನಮ್ಮ ಹೆಂಚಿನ ಮೇಲೇ ನಡಿ."

ಕಲ್ಲಿನ ಮೇಲೆ ಹೆಂಚು ಅಲುಗಾಡುತ್ತಿತ್ತು. ಮಗು ಬೆರಳು ಮಡಚಿ, ಹೆಂಚಿನ ಅಂಚು ಕಚ್ಚಿ ಹಿಡಿದು, ದಾಟಿತು. ಇಡು, ದಾಟು, ಎತ್ತು. ಬೀದಿ ಉದ್ದವಾಗಿತ್ತು. ಮಗು ತುಟಿ ಕಚ್ಚಿಕೊಂಡಿತ್ತು. ತಾಯಿ ಹೆಂಚನ್ನೇ ನೋಡುತ್ತಿದ್ದಳು, ಮಗುವಿನ ಮುಖ ನೋಡಲಿಲ್ಲ.

ಶಾಲೆಯ ಮುಂದೆ ಒಂದು ಕಂಬವಿತ್ತು. ಬೆಳಗ್ಗೆ ಅದರ ನೆರಳು ಹೊಸ್ತಿಲ ಮೇಲೆ ಬೀಳುತ್ತದೆ, ಬಿಸಿಲೇರಿದಂತೆ ಹಿಂದೆ ಸರಿಯುತ್ತದೆ. ನೆರಳು ಹೊಸ್ತಿಲು ಬಿಡುವುದರೊಳಗೆ ಮೊದಲ ಅಕ್ಷರ ಬರೆದಾಗಬೇಕು, ಇಲ್ಲದಿದ್ದರೆ ಆ ವರ್ಷದ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಊರು ನಂಬಿತ್ತು. ಎಲ್ಲ ಮಕ್ಕಳೂ ಅವರವರ ಜಾಗದಲ್ಲಿ ಕೂರುವವರೆಗೂ ಬರೆಯುವಂತಿಲ್ಲ ಎಂದೂ ನಂಬಿತ್ತು.

ಬೋಗುಣಿಯ ಮುಂದೆ ಸಾಲು ನಿಂತಿತ್ತು. ನೀರಿನವನು ಮೊಳಕಾಲೂರಿ ಕೂತಿದ್ದ.

"ತಿಳಿ! ನಾನು ಹೇಳಿದ್ದಲ್ಲ, ನೀರು ಹೇಳಿದ್ದು!"

"ಕೆಂಪು! ನಾನು ಹೇಳಿದ್ದಲ್ಲ, ನೀರು ಹೇಳಿದ್ದು!"

ಸುಣ್ಣಗಲ್ಲಿನ ಬೀದಿಯ ಒಂದು ಮಗು ದಾರಿಯಲ್ಲಿ ಸಗಣಿ ತುಳಿದು ಬಂದಿತ್ತು. ಬೋಗುಣಿಯ ನೀರು ಹಸಿರಾಯಿತು. ನೀರಿನವನು ಒಂದು ಗಳಿಗೆ ತಡೆದ. ಮಗುವಿನ ಅಪ್ಪನ ಮುಖ ನೋಡಿದ. "ಇದು ಕಾಲಿನದಲ್ಲ, ದಾರಿಯದು" ಎಂದು ಆ ನೀರು ಚೆಲ್ಲಿ ಹೊಸ ನೀರು ಹಾಕಿದ. "ತಿಳಿ!" ಎಂದು ಕೂಗಿದ. ತುಳಿಯುವವಳು ಅದನ್ನು ನೋಡಿದಳು. ಸಾಲಿನಲ್ಲಿದ್ದ ಎಲ್ಲರೂ ನೋಡಿದರು.

ಗೂಡಿನವಳ ಮಗನ ಕಾಲು ತೊಳೆದದ್ದಾಯಿತು. "ಕಪ್ಪು!" ಅವಳು ಮಗನ ಕೈ ಹಿಡಿದು ಕಟ್ಟೆಯ ಕಡೆಗೆ ಹೋದಳು. ಅಲ್ಲಿಗೆ ಹೋಗಬೇಕೆಂದು ಅವಳಿಗೆ ಯಾರೂ ತೋರಿಸಬೇಕಾಗಿರಲಿಲ್ಲ.

ಕೊನೆಯ ಮಗು ತುಳಿಯುವವಳ ಮಗಳು. ಹೆಂಚಿನಿಂದ ನೇರವಾಗಿ ಬೋಗುಣಿಗೆ ಕಾಲಿಟ್ಟಿತು.

ನೀರಿನವನು ಎಡಗಾಲು ತೊಳೆದ, ಬಲಗಾಲು ತೊಳೆದ. ನೀರು ತಿಳಿಯಾಗಿತ್ತು. ಬೋಗುಣಿಯ ತಳದ ಹೂವಿನ ಚಿತ್ತಾರ ಕಾಣುತ್ತಿತ್ತು. ಕರಿಮಣ್ಣಿನ ಕೇರಿಯ ಕಾಲಿಗೆ 'ತಿಳಿ' ಎಂದು ಅವನ ತಾತ ಕೂಗಿರಲಿಲ್ಲ, ಅಪ್ಪ ಕೂಗಿರಲಿಲ್ಲ. ಅವನು ಮತ್ತೊಮ್ಮೆ ಅಂಗಾಲಿಗೆ ಹೆಬ್ಬೆರಳೊತ್ತಿ ಉಜ್ಜಿದ. ಇನ್ನೂ ಒತ್ತಿ ಉಜ್ಜಿದ.

ನೀರಿನಲ್ಲಿ ಒಂದು ಕೆಂಪು ಎಳೆ ಎದ್ದಿತು. ಇನ್ನೊಂದು ಎದ್ದಿತು. ಎಳೆಗಳು ಹರಡಿ, ಚಿತ್ತಾರ ಮುಚ್ಚಿತು.

"ಕೆಂಪು!" ಎಂದು ನೀರಿನವನು ಉಸಿರುಬಿಟ್ಟ. "ಆಯ್ತಲ್ಲಮ್ಮ, ಸಂತೋಷಪಡು. ಕಪ್ಪಿನವಳು ಕೆಂಪಿಗೆ ಏರಿದ್ಲು. ಕಂಬದ ಹಿಂದೆ ಹೋಗಿ ಕೂರು ಅಂತ ಹೇಳು ಮಗೂಗೆ."

ಗೂಡಿನವಳು ಓಡಿ ಬಂದು ತುಳಿಯುವವಳ ಕಿವಿಯಲ್ಲಿ ಹೇಳಿದಳು: "ಒಪ್ಕೊಳೇ. ಸುಮ್ನೆ ಒಪ್ಕೊ. ತಲೆ ಮೇಲೆ ಹೆಂಚಿದೆ, ಮಳೆ ಬಿಸಿಲು ಇಲ್ಲ. ನಮ್ಮ ಪೈಕಿ ಯಾರಿಗೂ ಅಷ್ಟೂ ಸಿಕ್ಕಿಲ್ಲ."

ಆದರೆ ಕೆಮ್ಮಣ್ಣಿನ ಬೀದಿಯ ಒಬ್ಬ ತಾಯಿ ಬಗ್ಗಿ ಬೋಗುಣಿ ನೋಡಿದಳು. ಅವಳ ಮಗು ಆಗಲೇ ಕಂಬದ ಹಿಂದೆ ಕೂತಿತ್ತು.

"ಇದು ನಮ್ಮ ಕೆಂಪಲ್ಲ" ಎಂದಳು. "ನಮ್ಮ ಮಣ್ಣು ತಳಕ್ಕೆ ಕೂರುತ್ತೆ. ಇದು ಕೂರ್ತಾ ಇಲ್ಲ. ಎಲ್ಲಿಂದಲೋ ಏನೋ ಬಳ್ಕೊಂಡು ಬಂದಿದಾಳೆ. ನನ್ನ ಮಗೂ ಪಕ್ಕ ಇವಳನ್ನ ಕೂರಿಸಬೇಡಿ."

"ಮಣ್ಣಾದರೆ ಕೂರುತ್ತೆ, ಕಾಯೋಣ" ಎಂದ ನೀರಿನವನು.

ಎಲ್ಲರೂ ಕಾದರು. ಸುಣ್ಣಗಲ್ಲಿನ ಬೀದಿಯವರು ಕಾದರು, ಕೆಮ್ಮಣ್ಣಿನ ಬೀದಿಯವರು ಕಾದರು. ಬೋಗುಣಿಯಲ್ಲಿ ಎರಡು ಪುಟ್ಟ ಕಾಲುಗಳು ನಿಂತಿದ್ದವು. ಊರಿಗೆ ಊರೇ ಬಗ್ಗಿ, ಆ ಕಾಲುಗಳ ಸುತ್ತಲಿನ ನೀರನ್ನು ನೋಡುತ್ತಿತ್ತು. ಕಾಲುಗಳನ್ನು ಯಾರೂ ನೋಡಲಿಲ್ಲ. ನೆರಳು ಒಂದು ಬೆರಳಷ್ಟು ಸರಿಯಿತು. ಕೆಂಪು ತಳಕ್ಕೆ ಕೂರಲಿಲ್ಲ. ಇನ್ನೂ ದಟ್ಟವಾಯಿತು.

ಮಗು ತಲೆಯೆತ್ತಿ ತಾಯಿಯನ್ನು ನೋಡಿತು.

"ಅವ್ವ, ಈಗ ಅಳ್ಲಾ?"

ತುಳಿಯುವವಳು ಆಗ ಮಗಳ ಮುಖ ನೋಡಿದಳು. ಹತ್ತು ದಿನಗಳಲ್ಲಿ ಅದೇ ಮೊದಲ ಸಲ. ತುಟಿಯ ಮೇಲೆ ಹಲ್ಲಿನ ಗುರುತು ಮೂಡಿತ್ತು.

ಹತ್ತು ದಿನ ಈ ಊರು ತನ್ನ ಮನೆಯೊಳಗೇ ಕೂತಿತ್ತು ಎಂದು ಅವಳಿಗೆ ತಿಳಿಯಿತು. ತನ್ನದೇ ಕೈಯಿಂದ ಹೆಂಚಿನ ಚೂರು ಹಿಡಿಸಿತ್ತು, ತನ್ನದೇ ಬಾಯಿಂದ 'ಸುಮ್ನಿರು' ಅನ್ನಿಸಿತ್ತು. ನೀರಿನವನು ವರ್ಷಕ್ಕೊಂದು ದಿನ ಮಾಡುವ ಕೆಲಸವನ್ನು ತಾನು ದಿನಕ್ಕೆ ಮೂರು ಸಲ ಮಾಡಿದ್ದಳು.

"ಅಳು" ಎಂದಳು. "ಜೋರಾಗಿ ಅಳು. ಇಡೀ ಊರಿಗೆ ಕೇಳಬೇಕು."

ಮಗು ಅತ್ತಿತು. ಹತ್ತು ದಿನದ ಅಳುವನ್ನು ಒಟ್ಟಿಗೆ ಅತ್ತಿತು. ಕಂಬದ ಮೇಲಿನ ಪಾರಿವಾಳಗಳು ಹಾರಿಹೋದವು. ಒಳಗಿದ್ದ ಮಕ್ಕಳೂ ಒಂದೊಂದಾಗಿ ಅಳತೊಡಗಿದವು. ಮೊದಲ ದಿನವಲ್ಲವೇ, ಅವಕ್ಕೂ ಅಳು ಗಂಟಲಲ್ಲೇ ಇತ್ತು.

"ಏನಮ್ಮ ಇದು? ಮುಹೂರ್ತ ಮೀರ್ತಾ ಇದೆ! ಏನು ಹಚ್ಚಿದೀಯ ಕಾಲಿಗೆ, ಹೇಳು!" ಎಂದ ನೀರಿನವನು.

"ಕಣ್ಣಿಲ್ವಾ ನಿಂಗೆ? ಅದು ರಕ್ತ."

ನೀರಿನವನು ಕೈಯನ್ನು ಥಟ್ಟನೆ ನೀರಿನಿಂದ ತೆಗೆದ. ಸುತ್ತ ನೋಡಿದ. "ರಕ್ತಕ್ಕೆ ಇಲ್ಲಿ ಜಾಗ ಇಲ್ಲ. ಇರೋದು ಮೂರೇ ನೀರು. ತಿಳಿ, ಕೆಂಪು, ಕಪ್ಪು."

"ಹಾಗಾದ್ರೆ ನಾಲ್ಕನೇದು ಬರ್ಕೊ."

"ನಾಲಿಗೆ ಬಿಗಿ ಹಿಡಿದು ಮಾತಾಡು. ನಾನು ಹೇಳಿದ್ದಲ್ಲ, ನೀರು..."

"ಮುಚ್ಚು ಬಾಯಿ! ನೀರಿಗೆ ಬಾಯಿದೆಯೇನೋ? ಸಗಣಿ ತುಳಿದ ಕಾಲಿಗೆ ಎರಡನೇ ನೀರು ಹಾಕು ಅಂತ ನೀರು ಹೇಳ್ತಾ? ಇವಳ ಕಾಲಿಗೆ ಹೆಬ್ಬೆರಳು ಒತ್ತು ಅಂತ ನೀರು ಹೇಳ್ತಾ?"

ನೀರಿನವನ ಮುಖ ಬಿಳುಪೇರಿತು. ತುಳಿಯುವವಳು ಊರಿನ ಕಡೆಗೆ ತಿರುಗಿದಳು. ಅವಳ ದನಿ ನಡುಗಲಿಲ್ಲ.

"ನಮ್ಮ ಕೇರೀಲಿ ಮನೆಗೆ ಯಾರಾದ್ರೂ ಬಂದ್ರೆ ಕಾಲಿಗೆ ನೀರು ಕೊಡ್ತೀವಿ. ನೀವೂ ಕೊಡ್ತೀರಿ. ದೂರದಿಂದ ನಡೆದು ದಣಿದು ಬಂದಿದಾರೆ ಅಂತ ಕೊಡೋದು. ಕೊಟ್ಟಮೇಲೆ 'ಒಳಗೆ ಬನ್ನಿ' ಅಂತೀವಿ. ಆ ನೀರು ಹರಿದು ಕರಿಬೇವಿನ ಬುಡಕ್ಕೆ ಹೋಗುತ್ತೆ. ಕಾಲು ತೊಳೆದ ನೀರನ್ನ ಬಗ್ಗಿ ಬಗ್ಗಿ ನೋಡೋರನ್ನ ನಾನು ಈ ಜಾಗ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಅಷ್ಟು ನೋಡೋ ಆಸೆ ಇದ್ರೆ ನೋಡಿ, ಹತ್ತಿರದಿಂದ ನೋಡಿ!"

ಮಗಳನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡಳು. ಇನ್ನೊಂದು ಕೈಯಿಂದ ಬೋಗುಣಿ ಎತ್ತಿ, ಮೆಟ್ಟಿಲ ಮೇಲೆ ಸುರಿದಳು. ಸುಣ್ಣಗಲ್ಲು ನೀರು ಕುಡಿಯುವುದಿಲ್ಲ. ನೀರು ಕೆಂಪಗೆ ಹರಡಿ ಎಲ್ಲರ ಕಾಲ ಕಡೆಗೆ ಹರಿಯಿತು. ಊರು ಸೀರೆ ಎತ್ತಿಕೊಂಡು, ಪಂಚೆ ಎತ್ತಿಕೊಂಡು, ಹಿಂದೆ ಹಿಂದೆ ಹಾರಿತು.

ಅವಳು ಹೊಸ್ತಿಲು ದಾಟಿದಳು.

"ಕಾಲು! ಕಾಲು ತೊಳೀದೆ ಒಳಗೆ ಹೋಗಬಾರದು!" ಎಂದು ನೀರಿನವನು ಕಿರುಚಿ ಅವಳ ಹಿಂದೆ ಕಾಲೆತ್ತಿದ. ಎತ್ತಿದ ಕಾಲು ಅವನ ಕಣ್ಣಿಗೇ ಬಿತ್ತು. ಬೆಳಗಿನಿಂದ ಬೋಗುಣಿಯ ಪಕ್ಕ ಕೂತ ಕಾಲು. ಅದರ ಮೇಲೆ ಕೆಮ್ಮಣ್ಣು ಸಿಡಿದಿತ್ತು, ಕರಿಮಣ್ಣು ಸಿಡಿದಿತ್ತು, ಸಗಣಿ ಒಣಗಿತ್ತು. ಬೋಗುಣಿ ಬರಿದಾಗಿ ಬಿದ್ದಿತ್ತು. ಅವನು ಹೊಸ್ತಿಲಾಚೆಯೇ ನಿಂತ. ಅವನ ನಿಯಮ ಅವನನ್ನೇ ಹಿಡಿದು ನಿಲ್ಲಿಸಿತು. ಬೇರೆ ಯಾರನ್ನೂ ಅದು ಅಷ್ಟು ಸುಲಭವಾಗಿ ನಿಲ್ಲಿಸಿರಲಿಲ್ಲ.

ತುಳಿಯುವವಳು ಶಾಲೆಯ ಬಿಳಿ ನೆಲದ ಮೇಲೆ ನಡೆದಳು. ಒಂದು ಕರಿ ಹೆಜ್ಜೆ, ಇನ್ನೊಂದು ಕರಿ ಹೆಜ್ಜೆ. ಕಂಬಗಳನ್ನು ದಾಟಿದಳು. ಚಾಪೆಗಳನ್ನು ದಾಟಿದಳು. ಕರಿಹಲಗೆಯ ಎದುರಿಗೆ, ಮೊದಲ ಸಾಲಿನಲ್ಲಿ, ಮಗಳನ್ನು ಇಳಿಸಿ ಕೂರಿಸಿದಳು. ತಾನು ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಹಲಗೆಯ ಬಳಿ ಬರೆಯುವವಳು ನಿಂತಿದ್ದಳು. ಆ ಶಾಲೆಯ ಉಪಾಧ್ಯಾಯಿನಿ ಅವಳು. ಅವಳ ಕೈಯಲ್ಲಿ ಸೀಮೆಸುಣ್ಣವಿತ್ತು.

"ಎದ್ದೇಳು. ಇದು ನಿನ್ನ ಮಗಳ ಜಾಗ ಅಲ್ಲ."

"ಯಾರ ಜಾಗ?"

"ತಿಳಿನೀರಿನವರದು."

"ಅಕ್ಕೋರೆ, ನಿಮ್ಮ ತಲೆ ಮೇಲಿರೋ ಹೆಂಚು ತುಳಿದದ್ದು ಈ ಕಾಲು. ಅದರ ಕೆಳಗೆ ಎಲ್ಲಿ ಕೂರಬೇಕು ಅಂತ ನೀವು ನಂಗೆ ಹೇಳಬೇಡಿ."

ಮೊದಲ ಸಾಲಿನ ಒಂದು ಮಗು ಮೂಗು ಒರೆಸಿಕೊಂಡು ಬಗ್ಗಿ ನೋಡಿತು. "ಇವಳ ಕಾಲಿಗೆ ಏನಾಯ್ತು?"

"ನಾನು ಉಜ್ಜಿದೆ" ಎಂದಳು ತುಳಿಯುವವಳು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸಣ್ಣದಾಯಿತು.

"ಯಾಕೆ?"

"ನಿಮ್ಮ ಅಕ್ಕೋರನ್ನ ಕೇಳು."

ಆ ಮಗು ಬರೆಯುವವಳ ಕಡೆಗೆ ತಿರುಗಿತು. "ಯಾಕೆ ಅಕ್ಕೋರೆ?"

ಬರೆಯುವವಳು ಕಿಟಕಿಯ ಕಡೆ ಕೈ ತೋರಿದಳು. "ಅಲ್ಲಿ ಒಬ್ಬ ಹುಡುಗ ಇನ್ನೂ ಕೂತಿಲ್ಲ. ಎಲ್ಲರೂ ಕೂರೋವರೆಗೂ ನಾನು ಬರೆಯೋದಿಲ್ಲ."

ಕಿಟಕಿಯ ಸರಳುಗಳ ನಡುವೆ ಗೂಡಿನವಳ ಮಗನ ಮುಖವಿತ್ತು. ಅವನು ಕಟ್ಟೆಯ ಮೇಲೆ ನಿಂತಿದ್ದ.

"ಏಯ್, ಕೂರಿಸೇ ಅವನನ್ನ!" ಎಂದು ಹೊರಗಿನಿಂದ ನೀರಿನವನು ಕೂಗಿದ.

ಗೂಡಿನವಳು ಮಗನ ಹೆಗಲ ಮೇಲೆ ಕೈಯಿಟ್ಟಳು. ಒತ್ತಿ ಕೂರಿಸಲು ಇಟ್ಟ ಕೈ ಅದು. ಬಹಳ ಹೊತ್ತು ಅಲ್ಲೇ ಇತ್ತು. ಒತ್ತಲಿಲ್ಲ.

"ನಿಂತೇ ನೋಡ್ತಾನೆ" ಎಂದಳು. "ಕೂತರೆ ಏನೂ ಕಾಣಲ್ಲ. ನಾನು ಕೂತು ನೋಡಿದೀನಿ."

ನೆರಳು ಹೊಸ್ತಿಲ ಅಂಚಿಗೆ ಬಂದಿತ್ತು. ಸುಣ್ಣಗಲ್ಲಿನ ಬೀದಿಯ ತಾಯಂದಿರು ನೆರಳನ್ನು ನೋಡಿದರು, ತಮ್ಮ ಮಕ್ಕಳನ್ನು ನೋಡಿದರು. ಅವರಲ್ಲಿ ಸಂಕಟ ಹುಟ್ಟಿತು. ಅದು ತುಳಿಯುವವಳ ಮಗಳಿಗಾಗಿ ಹುಟ್ಟಿದ ಸಂಕಟವಲ್ಲ.

"ಅಕ್ಕೋರೆ, ಬರೆದುಬಿಡಿ! ನೆರಳು ಹೋಗುತ್ತೆ!"

"ಅವಳು ಎಲ್ಲಾದರೂ ಕೂತು ಸಾಯಲಿ, ನೀವು ಬರೀರಿ! ನಮ್ಮ ಮಕ್ಕಳ ಗತಿ ಏನು?"

"ಬರೀರಿ ಅಕ್ಕೋರೆ, ಬರೀರಿ!"

ತಮ್ಮ ಮಕ್ಕಳಿಗೇ ವಿದ್ಯೆ ಹತ್ತುವುದಿಲ್ಲ ಎಂದಾಗ, ತಾತಂದಿರ ಕಾಲದ ನಿಯಮವನ್ನು ಊರು ಒಂದು ಗಳಿಗೆಯಲ್ಲಿ ಬಿಟ್ಟುಕೊಟ್ಟಿತು. ಅಷ್ಟೇ ಸುಲಭವಿತ್ತು ಅದು. ಅಷ್ಟು ಸುಲಭವಿದ್ದದ್ದಕ್ಕೆ ತುಳಿಯುವವಳಿಗೆ ಇನ್ನಷ್ಟು ಸಿಟ್ಟು ಬಂತು.

ಬರೆಯುವವಳು ಹಲಗೆಗೆ ತಿರುಗಿದಳು. ಸೀಮೆಸುಣ್ಣ ಕಿರ್ರೆಂದಿತು. ಮೊದಲ ಅಕ್ಷರ ಹಲಗೆಯ ಮೇಲೆ ಬಂತು, ಬಿಳಿಯಾಗಿ, ದುಂಡಗೆ. ಬರೆದು ಮುಗಿಸಿ ಅವಳು ಬೆರಳ ಪುಡಿ ಕೊಡವಿಕೊಂಡು ತಿರುಗಿದಳು. ಮೊದಲ ಸಾಲನ್ನು ನೋಡಿದಳು. ಅವಳ ತುಟಿಯ ಮೇಲೆ ನಗು ಮೂಡಿತು.

"ನೋಡು" ಎಂದಳು. "ಇಷ್ಟೆಲ್ಲ ರಂಪ ಮಾಡಿದೆಯಲ್ಲ, ಯಾರಿಗೋಸ್ಕರ? ನಿನ್ನ ಮಗಳು ನಿದ್ದೆ ಮಾಡ್ತಿದಾಳೆ."

ಹೌದು. ಮಗು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಬಾಯಿ ತೆರೆದಿತ್ತು. ಬಿಕ್ಕು ಇನ್ನೂ ನಿದ್ದೆಯೊಳಗೇ ಬಂದು ಹೋಗುತ್ತಿತ್ತು. ಅಂಗಾಲುಗಳು ಹಲಗೆಯ ಕಡೆಗಿದ್ದವು.

ಬಾಗಿಲಲ್ಲಿ 'ಅಯ್ಯೋ ಪಾಪ' ಎಂದು ಯಾರೋ ನಕ್ಕರು. "ಅಕ್ಷರ ಬಂದಾಗ ಮಲಗೋರಿಗೆ ಮುಂದಿನ ಸಾಲು ಬೇರೆ" ಎಂದರು ಇನ್ನೊಬ್ಬರು.

ತುಳಿಯುವವಳು ಮಗಳನ್ನು ಎಬ್ಬಿಸಲಿಲ್ಲ. ಎಬ್ಬಿಸಲು ಕೈ ಮುಂದಾದದ್ದು ನಿಜ. ಆ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಸೆರಗು ಹರಿದು, ಒಂದು ಕಾಲಿಗೆ ಸುತ್ತಿದಳು, ಇನ್ನೊಂದು ಕಾಲಿಗೆ ಸುತ್ತಿದಳು. ಅವಸರ ಮಾಡದೆ ಗಂಟು ಹಾಕಿದಳು.

"ಮಲಗಲಿ" ಎಂದಳು. "ಈ ಸಾಲಲ್ಲಿ ಇಷ್ಟು ವರ್ಷ ಎಷ್ಟು ಜನ ಮಲಗಿದಾರೆ, ನಿಮಗೇ ಗೊತ್ತು. ಯಾರನ್ನೂ ಎತ್ತಿ ಕಟ್ಟೆಗೆ ಹಾಕಲಿಲ್ಲವಲ್ಲ. ಅವಳ ಜಾಗದಲ್ಲಿ ಅವಳು ಮಲಗಿದಾಳೆ."

ಬರೆಯುವವಳ ನಗು ಹೋಯಿತು. ಮುಂದಿನ ಅಕ್ಷರಕ್ಕಾಗಿ ಹಲಗೆ ಒರೆಸುವ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು.

ತುಳಿಯುವವಳು ಮಗಳ ತಲೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಎದ್ದಳು. ಕರಿ ಹೆಜ್ಜೆಗಳಲ್ಲಿ ಹೋಗಿ ಹಲಗೆಯ ಮುಂದೆ ನಿಂತಳು.

"ಅವಳು ಏಳೋವರೆಗೂ ಅದನ್ನ ಅಳಿಸಬೇಡಿ."